ಬಡಾವಣೆ ಪಾರ್ಕಿಗೆ ಮನೆಗೆ ನೂರು ರೂಪಾಯಿ ಎತ್ತಬಹುದಾ? ಯಾರಾದರೂ ಮಾಡಿ ನೋಡಿದ್ದೀರಾ?

ಗೇಟ್ ಎದುರಿನ ಮನೆ

ಶಿವಮೊಗ್ಗದ ಹೊರವಲಯದ ಒಂದು ಬಡಾವಣೆ ನಮ್ಮದು. ಹೆಸರು ಬೇಡ, ನಮ್ಮವರೂ ಇಲ್ಲಿ ಓದುತ್ತಾರೆ. 84 ಮನೆ, ಇನ್ನೊಂದು ಮೂವತ್ತು ಖಾಲಿ ಸೈಟು, ನಡುವೆ ಒಂದು ಪಾರ್ಕ್. ನಮ್ಮ ಮನೆ ಅದರ ಗೇಟಿಗೆ ಎದುರು. ಆ ಒಂದೇ ಕಾರಣಕ್ಕೆ ಎಲ್ಲರೂ ನನ್ನನ್ನೇ ಅದರ ಯಜಮಾನಿ ಅಂದುಕೊಂಡಿದ್ದಾರೆ. ಬೀಗದ ಕೀ ನಮ್ಮ ಮನೆಯಲ್ಲಿ, ಕತ್ತಿ ನಮ್ಮ ಮನೆಯದು, ಹುಡುಗರ ಚೆಂಡು ಪೊದೆಯೊಳಗೆ ಹೋದರೂ ಬಾರಿಸುವುದು ನಮ್ಮ ಮನೆ ಬೆಲ್.

ಮೂರು ವರ್ಷದ ಹಿಂದೆ ವ್ಯಾಯಾಮದ ಮಿಷನ್‌ಗಳು ಬಂದವು. ಹಳದಿ, ನೀಲಿ ಬಣ್ಣದವು, ಎಲ್ಲಾ ಕಡೆ ಇರುತ್ತವಲ್ಲ ಅವೇ. ಈಗ ನಡೆಯುವ ಮಿಷನ್‌ಗೆ ಒಂದು ಕಾಲಿನ ಹಲಗೆ ಇಲ್ಲ. ಇನ್ನೊಂದನ್ನು ಯಾರೋ ಪುಣ್ಯಾತ್ಮರು ಸೈಕಲ್ ಟ್ಯೂಬಿನಲ್ಲಿ ಬಿಗಿದಿದ್ದಾರೆ. ಸೊಂಟ ತಿರುಗಿಸುವುದರ ಬೇರಿಂಗ್ ಹೋಗಿ ಕಿರ್ ಅಂತ ಕೂಗುತ್ತದೆ, ಬೆಳಿಗ್ಗೆ ಐದೂವರೆಗೆ ನಮಗೆ ಅಲಾರಂ ಬೇಡ. ಕೈ ಎಳೆಯುವುದರ ಪೈಪಿನೊಳಗೆ ಕಡಜ ಗೂಡು ಕಟ್ಟಿದೆ.

ಹುಲ್ಲಿನ ಕತೆ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಗಣಪತಿ ಹಬ್ಬದ ಹೊತ್ತಿಗೆ ಸೊಂಟದೆತ್ತರ. ಅಂಚಿಗೆಲ್ಲ ಕಾಂಗ್ರೆಸ್ ಗಿಡ, ಕೆಳಗೆ ನಾಚಿಕೆ ಮುಳ್ಳು. ಹೋದ ತಿಂಗಳು ಜಾರುಬಂಡೆ ಹತ್ತಿರ ಒಂದು ಕೇರೆ ಹಾವು ಆರಾಮಾಗಿ ಹಾದುಹೋಯಿತು. ಕೇರೆ ಏನೂ ಮಾಡುವುದಿಲ್ಲ ಅಂತ ಎಷ್ಟು ಹೇಳಿದರೂ ಅವತ್ತಿನಿಂದ ಯಾವ ತಾಯಿಯೂ ಮಗುವನ್ನು ಒಳಗೆ ಬಿಡುತ್ತಿಲ್ಲ.

ಅರ್ಜಿ ಕೊಟ್ಟರೆ ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸುತ್ತಾರೆ. ಅಲ್ಲಿಗೆ ಹೋದರೆ ಮೊದಲಿನದನ್ನೇ ತೋರಿಸುತ್ತಾರೆ. ಅದಕ್ಕೇ ನಾವೇ ಒಂದು ಸಂಘ ಮಾಡಿ ತಿಂಗಳಿಗೆ ಮನೆಗೆ ನೂರು ರೂಪಾಯಿ ಎತ್ತೋಣ ಅಂತ ಮಾತಾಗಿದೆ. ಎಲ್ಲರೂ ಕೊಟ್ಟರೆ 8,400. ವಾರಕ್ಕೆ ಎರಡು ದಿನ ಒಬ್ಬರು ಆಳು, ನೀರು, ಸಣ್ಣಪುಟ್ಟ ರಿಪೇರಿ, ಸಾಕಾಗುತ್ತದೆ ಅನ್ನಿಸುತ್ತದೆ. ಇದು ಸರಿಯಾ? ಎತ್ತಿದವರು ಇದ್ದರೆ ಹೇಳಿ, ಎಷ್ಟು ದಿನ ನಡೆಯಿತು ಅನ್ನುವುದನ್ನೂ ಹೇಳಿ.

ಖಡಕ್ ಚಾ

ಒಂದು ರೂಪಾಯಿಯೂ ಕೊಡಬೇಡಿ. ಮನೆ ಕಂದಾಯ ಕಟ್ಟುತ್ತೇವೆ, ಅದರ ಮೇಲೆ ಕರದ ಮೇಲೆ ಕರ ಹಾಕುತ್ತಾರೆ, ಇನ್ನು ಪಾರ್ಕಿನ ಹುಲ್ಲಿಗೂ ನಾವೇ ಕೊಡಬೇಕಾ? ನೀವು ಒಂದು ಸಲ ಕೊಟ್ಟರೆ ಮುಗಿಯಿತು, ಆ ಬಡಾವಣೆಯವರು ತಾವೇ ಮಾಡಿಕೊಳ್ಳುತ್ತಾರೆ ಅಂತ ಶಾಶ್ವತವಾಗಿ ಮರೆತುಬಿಡುತ್ತಾರೆ.

ಹಳೇ ಗುಮಾಸ್ತ

ಮೇಡಂ, ನಾನು ಒಂದು ಪುರಸಭೆಯಲ್ಲಿ ಲೆಕ್ಕದ ಶಾಖೆಯಲ್ಲಿ ಕೂತು ನಿವೃತ್ತನಾದವನು. ಹಣ ಎತ್ತುವುದು ಆಮೇಲೆ. ಮೊದಲು ಆ ಪಾರ್ಕ್ ಯಾರ ಹೆಸರಿನಲ್ಲಿದೆ ನೋಡಿ. ನೀವು ಬರೆದ ರೀತಿ ನೋಡಿದರೆ, ಎರಡು ಕಚೇರಿಯವರು ಒಬ್ಬರನ್ನೊಬ್ಬರು ತೋರಿಸುತ್ತಿರುವುದು ಸೋಮಾರಿತನಕ್ಕೆ ಮಾತ್ರ ಇರಲಿಕ್ಕಿಲ್ಲ. ನಿಮ್ಮ ಬಡಾವಣೆ ಇನ್ನೂ ಹಸ್ತಾಂತರ ಆಗಿಲ್ಲ ಅನ್ನಿಸುತ್ತದೆ.

ಖಾಸಗಿಯವರು ಲೇಔಟ್ ಮಾಡಿದಾಗ ರಸ್ತೆ, ಪಾರ್ಕು, ಸಿಎ ಸೈಟುಗಳನ್ನು (ಶಾಲೆ, ಆಸ್ಪತ್ರೆ ಥರದ ಸಾರ್ವಜನಿಕ ಸೌಕರ್ಯಕ್ಕೆ ಬಿಟ್ಟ ಜಾಗ) ನೋಂದಣಿ ಮಾಡಿದ ಪತ್ರದ ಮೂಲಕ ಬಿಟ್ಟುಕೊಡಬೇಕು. ಆಮೇಲೆ ನಗರಾಭಿವೃದ್ಧಿ ಪ್ರಾಧಿಕಾರದಿಂದ ಅದು ಪಾಲಿಕೆಗೋ ಪಂಚಾಯ್ತಿಗೋ ಹೋಗಬೇಕು. ಈ ನಡುವಿನ ಕಾಲ ಇದೆಯಲ್ಲ, ಅದು ಐದು ವರ್ಷವೂ ಆಗಬಹುದು, ಹದಿನೈದೂ ಆಗಬಹುದು. ಅಷ್ಟು ದಿನ ಪಾರ್ಕು ತಾಯಿಯೂ ಇಲ್ಲ, ಮಲತಾಯಿಯೂ ಇಲ್ಲದ ಮಗು. ಹಸ್ತಾಂತರ ಆಗದ ಪಾರ್ಕಿಗೆ ಪಾಲಿಕೆ ಖರ್ಚು ಹಾಕಿದರೆ ಆಡಿಟ್‌ನವರು ಆಕ್ಷೇಪಣೆ ಬರೆಯುತ್ತಾರೆ. ಹಾಗಾಗಿ ಅಲ್ಲಿನ ಗುಮಾಸ್ತನಿಗೆ ಮನಸ್ಸಿದ್ದರೂ ಕಡತ ಏಳುವುದಿಲ್ಲ. ನಾನೇ ಎಷ್ಟೋ ಕಡತ ಹೀಗೆ ವಾಪಸ್ ಕಳಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನೀವು ಮಾಡಬೇಕಾದ್ದು ಇಷ್ಟೇ. ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಮತ್ತು ಹಸ್ತಾಂತರದ ಪತ್ರ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಅದರಲ್ಲೇ ವ್ಯಾಯಾಮದ ಮಿಷನ್ ಹಾಕಿದ ಕೆಲಸದ ಆದೇಶದ ಪ್ರತಿಯನ್ನೂ ಕೇಳಿ. ಗುತ್ತಿಗೆದಾರ ಇಷ್ಟು ಕಾಲದವರೆಗೆ ದೋಷ ಸರಿಪಡಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಅಲ್ಲಿವರೆಗೆ ಅವನ ಠೇವಣಿ ಕಚೇರಿಯಲ್ಲೇ ಇರುತ್ತದೆ. ಬೇರಿಂಗ್ ಹೋಗಿದ್ದನ್ನು ಅವಧಿಯೊಳಗೆ ಯಾರಾದರೂ ಲಿಖಿತವಾಗಿ ಕೊಟ್ಟಿದ್ದರೆ ಅವನ ದುಡ್ಡಲ್ಲೇ ರಿಪೇರಿ ಆಗಬೇಕಿತ್ತು. ಬಾಯಲ್ಲಿ ಹೇಳಿದ್ದಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲ, ಸ್ವೀಕೃತಿ ಸೀಲ್ ಇರುವ ಕಾಗದಕ್ಕೆ ಮಾತ್ರ.

ಸಾಗರದ ಕಡೆಯವ

ಗುಮಾಸ್ತರು ಹೇಳಿದ್ದು ಸರಿ ಮಾರಾಯ್ರೆ, ಆದರೆ 30 ದಿನದಲ್ಲಿ ಹುಲ್ಲು ಇನ್ನೊಂದು ಮೊಳ ಬೆಳೆದಿರುತ್ತದೆ. ಅಕ್ಕ, ನಾವು ಎತ್ತಿ ನೋಡಿದ್ದೇವೆ. ತಿಂಗಳಿಗೆ ನೂರು. ಮೊದಲ ತಿಂಗಳು ಎಲ್ಲರೂ ನಗುನಗುತ್ತಾ ಕೊಟ್ಟರು. ನಾಲ್ಕನೇ ತಿಂಗಳು ಅರ್ಧ ಮನೆ. ಏಳನೇ ತಿಂಗಳಿಗೆ ವಸೂಲಿಗೆ ಹೋಗುತ್ತಿದ್ದ ಮೇಷ್ಟರನ್ನು ಕಂಡರೆ ಜನ ಟಿವಿ ಸೌಂಡ್ ಕಡಿಮೆ ಮಾಡಿ ಒಳಗೆ ಕೂರುತ್ತಿದ್ದರು. ಪಾಪ, ಅವರು ವಾಕಿಂಗ್ ದಾರಿಯನ್ನೇ ಬದಲಾಯಿಸಿದರು.

ಈಗ ವರ್ಷಕ್ಕೆ ಒಂದೇ ಸಲ ಎತ್ತುತ್ತೇವೆ, ಅದೂ ಫೆಬ್ರವರಿ ಮಾರ್ಚ್‌ನಲ್ಲಿ. ಯಾಕೆ ಹೇಳಿ? ನಮ್ಮಲ್ಲಿ ಅರ್ಧ ಮನೆಯವರಿಗೆ ಊರಲ್ಲಿ ಒಂದೆಕರೆ ಎರಡೆಕರೆ ತೋಟ ಇದೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಸಾವಿರ ರೂಪಾಯಿ ಕೇಳಿದರೆ ಯಾರೂ ಮುಖ ತಿರುಗಿಸುವುದಿಲ್ಲ. ಅದೇ ಜನ ಆಗಸ್ಟ್‌ನಲ್ಲಿ ನೂರು ಕೇಳಿದರೆ, ಕೊಳೆರೋಗ, ಔಷಧಿ ಖರ್ಚು ಅಂತ ಪುರಾಣ ಶುರು ಮಾಡುತ್ತಾರೆ. ಪುರಾಣ ನಿಜವೂ ಹೌದು ಅನ್ನಿ.

ಇನ್ನು ಹುಲ್ಲು. ಅದಕ್ಕೆ ವಾರಕ್ಕೆ ಎರಡು ದಿನದ ಆಳು ಯಾಕೆ? ತೋಟ ಇರುವವರ ಮನೆಯಲ್ಲಿ ಹುಲ್ಲು ಹೊಡೆಯುವ ಮಿಷನ್ ಇದ್ದೇ ಇರುತ್ತದೆ. ಒಬ್ಬರು ಕೊಟ್ಟರೆ ಸಾಕು, ಪೆಟ್ರೋಲು, ಆಯಿಲ್ಲು ಮತ್ತು ಹೊಡೆಯುವವನ ಕೂಲಿ ಮಾತ್ರ ನಿಮ್ಮದು. ವರ್ಷಕ್ಕೆ ಎರಡು ಸಲ ಹೊಡೆಸಿ. ಒಂದು ಜುಲೈ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ಇನ್ನೊಂದು ನವರಾತ್ರಿ ಹೊತ್ತಿಗೆ. ಕಾಂಗ್ರೆಸ್ ಗಿಡ ಮಾತ್ರ ಮಿಷನ್‌ಗೆ ಬಿಡಬೇಡಿ, ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತು ಹಾಕಿಸಿ. ಹೂವಾದ ಮೇಲೆ ಹೊಡೆದರೆ ಬೀಜ ನೀವೇ ಬಿತ್ತಿದ ಹಾಗೆ. ಕೀಳುವವರಿಗೆ ಕೈಗವಸು ಕೊಡಿ, ಕೆಲವರಿಗೆ ಅದು ಮುಟ್ಟಿದರೆ ಮೈಯೆಲ್ಲ ತುರಿಕೆ.

ಮತ್ತೆ ಲಾನ್ ಅಂತ ಯಾರಾದರೂ ಹೇಳಿದರೆ ಓಡಿಸಿ. ಮಲೆನಾಡು ಅಂದರೆ ನೀರಿಗೆ ಬರ ಇಲ್ಲ ಅಂತ ತಿಳಿದು ಹಾಕಿಸುತ್ತಾರೆ. ಫೆಬ್ರವರಿಯಿಂದ ಮೇವರೆಗೆ ಅದಕ್ಕೆ ದಿನಾ ನೀರು ಬೇಕು. ನಾವು ಹಾಕಿಸಿದ ಮೆಕ್ಸಿಕನ್ ಹುಲ್ಲು ಯುಗಾದಿ ಹೊತ್ತಿಗೆ ತೆಂಗಿನ ನಾರಿನ ಚಾಪೆ ಆಗಿತ್ತು. ಹೊಂಗೆ, ನೇರಳೆ, ಸಂಪಿಗೆ ಹಾಕಿ, ಅಂಚಿಗೆ ಕೇಪಳ, ದಾಸವಾಳ ಇರಲಿ. ಎರಡು ಬೇಸಿಗೆ ದಾಟಿಸಿದರೆ ಮೂರನೇ ವರ್ಷ ಅವೇ ನಿಮ್ಮನ್ನು ನೋಡಿಕೊಳ್ಳುತ್ತವೆ. ಬಿದ್ದ ದರಗನ್ನು, ಅಂದರೆ ಒಣಗಿದ ಎಲೆಯನ್ನು, ಸುಡಬೇಡಿ, ಒಂದು ಮೂಲೆಯಲ್ಲಿ ಗುಂಡಿ ತೆಗೆದು ಹಾಕಿ. ಗಿಡದ ಬುಡಕ್ಕೆ ಹೊದಿಸಿದರೂ ಆಯ್ತು, ತೇವ ಹಿಡಿಯುತ್ತದೆ.

ಖಡಕ್ ಚಾ

ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕಂದಾಯ ಎಲ್ಲಿ ಹೋಗುತ್ತದೆ?

ಹಳೇ ಗುಮಾಸ್ತ

ಕೊಡುತ್ತೇನೆ ಸಾರ್, ಚಾ ಕುಡಿದು ಬಂದೆ.

ನಿಮ್ಮ ಕಂದಾಯದ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ, ನಗರ ಸಾರಿಗೆ ಕರ ಅಂತ ಸಾಲಾಗಿ ಇರುತ್ತದೆ. ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಪುನರ್ವಸತಿಗೆ ಶೇ. 3. ಈ ಕರಗಳು ಪಾಲಿಕೆಯಲ್ಲಿ ಉಳಿಯುವುದಕ್ಕಲ್ಲ, ಆಯಾ ಬಾಬ್ತಿಗೆ ಹೋಗಬೇಕಾದವು. ಪಾರ್ಕಿನ ಹೆಸರಲ್ಲಿ ಅಲ್ಲಿ ಒಂದು ಸಾಲೂ ಇಲ್ಲ. ಸಂವಿಧಾನದ 12ನೇ ಅನುಸೂಚಿಯಲ್ಲಿ ಉದ್ಯಾನ, ಆಟದ ಮೈದಾನ ಎಲ್ಲಾ ನಗರಾಡಳಿತದ ಕೆಲಸ ಅಂತಲೇ ಇದೆ. ಕೆಲಸ ಕೊಟ್ಟರು, ಅದಕ್ಕೆ ಅಂತ ಬೇರೆ ಬೊಕ್ಕಸ ಕೊಡಲಿಲ್ಲ. ಸಂಬಳ, ಬೀದಿ ದೀಪ, ನೀರಿನ ಪಂಪಿನ ಕರೆಂಟು, ಕಸ ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದರಲ್ಲಿ ಪಾರ್ಕು.

ಇನ್ನೊಂದು ವಿಷಯ, ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪಾರ್ಕು ಕಟ್ಟಲಿಕ್ಕೆ ದುಡ್ಡು ಸಿಗುತ್ತದೆ, ನೋಡಿಕೊಳ್ಳಲಿಕ್ಕೆ ಸಿಗುವುದಿಲ್ಲ. 2015ರಲ್ಲಿ ನಗರಗಳಿಗೆ ಅಂತ ಬಂದ ಕೇಂದ್ರದ ಅಮೃತ್ ಯೋಜನೆಯ ದುಡ್ಡಲ್ಲಿ ಪಾರ್ಕುಗಳಿಗೆ ಶೇ. 2.5 ಅಂತ ಇತ್ತು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಆ ದುಡ್ಡಲ್ಲಿ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಗಳೂ ಕೂರುವ ಜಾಗ ಆದವು. ಸ್ಮಾರ್ಟ್ ಸಿಟಿ ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ಬೆಂಚು ಉಳಿಯಿತು, ಬೆಂಚು ಒರೆಸುವವನ ಕೂಲಿ ಯಾವ ಲೆಕ್ಕಶೀರ್ಷಿಕೆಯಲ್ಲಿ? 15ನೇ ಹಣಕಾಸು ಆಯೋಗದ ಅನುದಾನದಲ್ಲೂ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದರು. ಬಾಕಿ 40ರಲ್ಲಿ ಪಾರ್ಕಿನ ಕಾಂಪೌಂಡ್ ಕಟ್ಟಬಹುದಿತ್ತು, ಆದರೆ ಸಂಬಳ ಕೊಡುವ ಹಾಗಿರಲಿಲ್ಲ. ಅದಕ್ಕೇ ನೋಡಿ, ಎಲ್ಲಾ ಊರಿನ ಪಾರ್ಕಲ್ಲೂ ಗೇಟು ಹೊಸದು, ಮಾಲಿ ಇಲ್ಲ.

ಹಾಗಂತ ಸುಮ್ನೆ ಇರಿ ಅಂತಲ್ಲ. ಬಜೆಟ್ ಫೆಬ್ರವರಿ, ಮಾರ್ಚ್‌ನಲ್ಲಿ ಮಂಡನೆ ಆಗುತ್ತದೆ. ಅದಕ್ಕೆ ಮೊದಲು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ಮಾಡುತ್ತಾರೆ. ನಾನು ಇದ್ದಾಗ ಆ ಸಭೆಗೆ ಬರುತ್ತಿದ್ದವರು ಅದೇ ಎಂಟು ಹತ್ತು ಜನ. ಅಲ್ಲಿ ಹೋಗಿ ಹೊಸ ಆಟಿಕೆ ಕೊಡಿ ಅನ್ನಬೇಡಿ. ನಿರ್ವಹಣೆ ಬಾಬ್ತಿನಲ್ಲಿ ಇಷ್ಟು ಪಾರ್ಕಿಗೆ ಒಬ್ಬ ಮಾಲಿ, ಇಷ್ಟು ನೀರು ಅಂತ ಬರೆದುಕೊಡಿ. ಕಾರ್ಪೊರೇಟರ್ ಮನೆಗೆ ಹೋಗಿ ಜಗಳ ಮಾಡೋಣ ಅಂದರೆ ಶಿವಮೊಗ್ಗದಲ್ಲಿ ಚುನಾಯಿತ ಕೌನ್ಸಿಲ್ ಅವಧಿ 2023ರ ನವೆಂಬರ್‌ಗೇ ಮುಗಿಯಿತು. ಅವರಿಲ್ಲದಾಗ ನಿಮ್ಮ ಪರವಾಗಿ ಕಾಗದವೇ ಮಾತಾಡಬೇಕು.

ವಿನೋಬನಗರ ಹುಡುಗ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋದು ಯಾಕೆ ಆಂಟಿ, ಒಂದು ಮೂಲೆಯಲ್ಲಿ ಮೊಬೈಲ್ ಟವರ್ ಹಾಕಿಸಿ. ತಿಂಗಳಿಗೆ ಬಾಡಿಗೆ ಬರುತ್ತದೆ, ನೆಟ್‌ವರ್ಕೂ ಸಿಗುತ್ತದೆ. ಇಲ್ಲಾ ಅಂದರೆ ಶಾಮಿಯಾನ ಹಾಕಿ ನಾಮಕರಣ, ಬರ್ತ್‌ಡೇಗೆ ಬಾಡಿಗೆ ಕೊಡಿ. ಛತ್ರದ ರೇಟಲ್ಲಿ ಅರ್ಧಕ್ಕೆ ಕೊಟ್ಟರೂ ಕ್ಯೂ ನಿಲ್ಲುತ್ತಾರೆ.

ಹಳೇ ಗುಮಾಸ್ತ

ಬೇಡಪ್ಪ. ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸಲಿಕ್ಕೆ ಅಂತಲೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಪಾರ್ಕನ್ನು ಪಾರ್ಕಾಗಿ ಮಾತ್ರ ಬಳಸಬೇಕು. ಬೆಂಗಳೂರಲ್ಲಿ ರಾಜಮಹಲ್ ವಿಲಾಸ ಬಡಾವಣೆಯ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟು ಅದು ಆಗುವುದಿಲ್ಲ ಅಂದಿತು. ಆಸ್ಪತ್ರೆಗೇ ಬಿಡಲಿಲ್ಲ, ಇನ್ನು ನಿನ್ನ ಟವರ್ರು, ಬರ್ತ್‌ಡೇ ಕೇಕು. ಮತ್ತೆ ಬಾಡಿಗೆ ಶುರು ಮಾಡಿದರೆ ಅದು ಯಾರ ಜೇಬಿಗೆ ಅನ್ನುವ ಜಗಳ ಬೇರೆ.

ವಿನೋಬನಗರ ಹುಡುಗ

ಸರಿ ಸಾರ್, ಕೇಕ್ ಕ್ಯಾನ್ಸಲ್.

ಲೆಕ್ಕದ ಟೀಚರ್

ನಮ್ಮ ಬಡಾವಣೆಯ ಸಂಘದ ಖಜಾಂಚಿ ನಾನು, ಒಂದು ಮಾತು. ದುಡ್ಡು ಎತ್ತುವುದಾದರೆ ಯಾರದ್ದೋ ಫೋನ್ ಪೇ ನಂಬರಿಗೆ ಹಾಕಿಸಬೇಡಿ. ಅವರು ದೇವರಂಥವರಾದರೂ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಸಂಘದ ಹೆಸರಲ್ಲಿ ಖಾತೆ, ಇಬ್ಬರ ಸಹಿ. ಪ್ರತಿ ವರ್ಷ ಸಾಮಾನ್ಯ ಸಭೆ ಮಾಡಿ ಲೆಕ್ಕವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು, ಇದನ್ನು ಮರೆತೇ ಎಷ್ಟೋ ಸಂಘ ಕಾಗದದ ಮೇಲೆ ಸತ್ತಿವೆ. ನಾವು ತಿಂಗಳ ಖರ್ಚನ್ನು ಪಾರ್ಕಿನ ಗೇಟಿಗೇ ಅಂಟಿಸುತ್ತೇವೆ. ಪೊರಕೆ ಎರಡು, ನಲ್ಲಿ ವಾಷರ್ ಒಂದು, ಹೀಗೆ. ನಗುತ್ತಾರೆ, ಆದರೆ ನಿಂತು ಓದುತ್ತಾರೆ. ಓದಿದವರು ಕೊಡುತ್ತಾರೆ.

ಪಂಪ್ ಇದ್ದರೆ ಅದರ ಮೆಸ್ಕಾಂ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕದ ನಂಬರ್) ಯಾರ ಹೆಸರಲ್ಲಿದೆ ನೋಡಿ. ನಮ್ಮದು ಲೇಔಟ್ ಮಾಡಿದವರ ಹೆಸರಲ್ಲೇ ಇತ್ತು. ಅವರು ಕಟ್ಟುವುದು ನಿಲ್ಲಿಸಿದ ದಿನ ನೀರು ನಿಂತಿತು, ಮೋಟರ್ ಸುಟ್ಟಿದೆ ಅಂತ ನಾವು ಎರಡು ಸಲ ಮೆಕ್ಯಾನಿಕ್ ಕರೆಸಿದ್ದೆವು!

ಮರ ಕಡಿಯುವ ವಿಷಯ ಬಂದರೆ ಸಂಘದ ಮೀಟಿಂಗಲ್ಲಿ ತೀರ್ಮಾನ ಮಾಡಿ ಕಡಿದುಬಿಡಬೇಡಿ, 1976ರ ಮರ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು.

ಗೇಟ್ ಎದುರಿನ ಮನೆ

ಎಲ್ಲರಿಗೂ ಥ್ಯಾಂಕ್ಸ್. ಐದು ವಾರ ಆಯ್ತು, ಏನಾಯಿತು ಅಂತ ಹೇಳುತ್ತೇನೆ.

ಸಾಗರದ ಅಣ್ಣ ಹೇಳಿದ ಹಾಗೆ ಮೊದಲು ಹುಲ್ಲು ಹೊಡೆಸಿದೆವು. ಹಿಂದಿನ ರಸ್ತೆಯವರೊಬ್ಬರು ಊರಿಂದ ಮಿಷನ್ ತಂದರು. ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿದ್ದು ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಹುಲ್ಲಿನೊಳಗೆ ಸಿಕ್ಕಿದ್ದು: ಒಂಬತ್ತು ಚೆಂಡು, ಒಂದು ಚಪ್ಪಲಿ, ನಡೆಯುವ ಮಿಷನ್‌ನ ಕಳೆದುಹೋದ ಕಾಲಿನ ಹಲಗೆ. ಯಾರೋ ಕದ್ದರು ಅಂತ ಮೂರು ಮನೆಯವರ ಮೇಲೆ ಅನುಮಾನ ಪಟ್ಟಿದ್ದೆವು, ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ವೆಲ್ಡಿಂಗ್‌ನವನು ಬಂದು ಕೂರಿಸಿಕೊಟ್ಟ. ಕಡಜದ ಗೂಡು ಮಾತ್ರ ಇನ್ನೂ ಇದೆ, ಯಾರಿಗೂ ಧೈರ್ಯ ಇಲ್ಲ.

ಗುಮಾಸ್ತರೇ, ನಿಮ್ಮ ಮಾತು ನಿಜವಾಯಿತು. ಬಡಾವಣೆ ಹಸ್ತಾಂತರ ಆಗಿಲ್ಲ. ನಕ್ಷೆಯ ಪ್ರತಿ ಸಿಕ್ಕಿತು. ಮನೆಯಲ್ಲಿ ಊಟದ ಟೇಬಲ್ ಮೇಲೆ ಹರಡಿ ನೋಡಿದಾಗ ನಮ್ಮೆಜಮಾನರಿಗೆ ಏನೋ ಸಂಶಯ ಬಂತು. ಟೇಪು ಹಿಡಿದು ಇಬ್ಬರೂ ಹೋಗಿ ಅಳೆದೆವು. ನಕ್ಷೆಯಲ್ಲಿ ಉತ್ತರದ ಬದಿ 45 ಮೀಟರ್. ನೆಲದ ಮೇಲೆ 41 ಚಿಲ್ಲರೆ. ಎರಡು ಸಲ ಅಳೆದೆವು, ಅಷ್ಟೇ. ಬಾಕಿ ಜಾಗದಲ್ಲಿ ಜಂಬಿಟ್ಟಿಗೆ ಕಟ್ಟೆ, ಅದರ ಮೇಲೆ ತಗಡಿನ ಶೆಡ್, ಒಳಗೆ ಕಾರು. ಇಷ್ಟು ವರ್ಷ ಹುಲ್ಲು ಅದನ್ನು ಚೆನ್ನಾಗಿ ಮುಚ್ಚಿಟ್ಟಿತ್ತು.

ಸಮಸ್ಯೆ ಏನೆಂದರೆ ಆ ಕಾರು ನಮ್ಮ ಸಂಘಕ್ಕೆ ಅಧ್ಯಕ್ಷರಾಗಲಿ ಅಂತ ನಾವೆಲ್ಲ ಒಪ್ಪಿಕೊಂಡಿದ್ದವರದು. ಒಳ್ಳೆಯ ಮನುಷ್ಯ, ಹುಲ್ಲು ಹೊಡೆಸಿದ ದಿನ ಎಲ್ಲರಿಗೂ ಅವಲಕ್ಕಿ, ಕಾಫಿ ಕೊಟ್ಟಿದ್ದು ಅವರ ಮನೆಯಿಂದಲೇ. ನಾನು ಇನ್ನೂ ಯಾರಿಗೂ ಹೇಳಿಲ್ಲ. ಭಾನುವಾರ ಸಭೆ ಇದೆ. ಏನು ಮಾಡಲಿ?

ಖಡಕ್ ಚಾ

ನಕ್ಷೆಯನ್ನು ಗೇಟಿಗೆ ಅಂಟಿಸಿ. ಬೇರೇನೂ ಹೇಳಬೇಡಿ.

ಸಾಗರದ ಕಡೆಯವ

ಅಯ್ಯೋ ಬೇಡ ಮಾರಾಯ್ರೆ, ಊರು ತುಂಬಾ ಆಗುತ್ತದೆ. ಅಕ್ಕ, ಶನಿವಾರ ಸಂಜೆ ನೀವಿಬ್ಬರೂ ಅವರ ಮನೆಗೆ ಹೋಗಿ. ನಕ್ಷೆ ತೆಗೆದುಕೊಂಡು ಹೋಗಿ, ಟೇಪು ಮನೆಯಲ್ಲೇ ಬಿಡಿ. ಹಸ್ತಾಂತರಕ್ಕೆ ಸರ್ವೆಯವರು ಬಂದು ಅಳೆಯುತ್ತಾರಂತೆ, ಅದಕ್ಕೆ ಮೊದಲು ನಿಮಗೆ ತಿಳಿಸೋಣ ಅಂತ ಬಂದೆವು ಅನ್ನಿ. ಕಟ್ಟೆ ಕೀಳಲಿಕ್ಕೆ ಅವರೇ ಒಂದು ತಿಂಗಳ ಟೈಮ್ ಕೇಳುತ್ತಾರೆ ನೋಡಿ.

ಹಳೇ ಗುಮಾಸ್ತ

ಹಾಗೇ ಮಾಡಿ. ಅಧ್ಯಕ್ಷರನ್ನೂ ಬದಲಾಯಿಸಬೇಡಿ. ಶೆಡ್ ಕಳೆದುಕೊಂಡವರು ಬೇರೆ ಯಾರಿಗೂ ಒಂದು ಅಡಿ ಒತ್ತಲಿಕ್ಕೆ ಬಿಡುವುದಿಲ್ಲ, ಇದು ಮಾತ್ರ ಸರ್ವೀಸಲ್ಲಿ ನೋಡಿದ್ದೇನೆ. ಆ ಕಟ್ಟೆಯ ಜಂಬಿಟ್ಟಿಗೆ ಎಸೆಯಬೇಡಿ, ಗೊಬ್ಬರದ ಗುಂಡಿಗೆ ಸುತ್ತ ಕಟ್ಟಲಿಕ್ಕೆ ಆಗುತ್ತದೆ.